ಬಾಯಿಗೆ ಅಡ್ಡ ಕೈ

ಗುಬ್ಬಿ ಬಸ್ ಸ್ಟ್ಯಾಂಡ್‌ನಾಗೆ ಕೂಗಿ ಕೂಗಿ ಜನ ಹತ್ತಿಸೋ ಏಜೆಂಟು ಸದಾಶಿವಯ್ಯ. ಅವನ ಗಂಟಲು ಎಂಥದ್ದು ಅಂದ್ರೆ, ಇಲ್ಲಿ ‘ತುಮ್ಕೂರ್, ತುಮ್ಕೂರ್’ ಅಂದ್ರೆ ಅಲ್ಲಿ ತುಮಕೂರಿನೋರು ಎದ್ದು ನಿಂತ್ಕಂಡು ‘ಇರಪ್ಪ, ಬಂದ್ವಿ’ ಅಂತಿದ್ರಂತೆ. ಸುಳ್ಳು ಅನ್ಸಿದ್ರೆ ಅರ್ಧ ಕಳೀರಿ. ಉಳಿದರ್ಧ ಸದಾಶಿವಯ್ಯನೇ ಹೇಳಿದ್ದು, ಅದನ್ನ ಏನೂ ಮಾಡಕ್ಕಾಗಲ್ಲ.

ಅವನ ಒಬ್ಬಳೇ ಮಗಳು ದಾಕ್ಷಾಯಣಿ. ಎಪ್ಪತ್ತೆರಡನೇ ಇಸವೀಲಿ ಅವಳಿಗೆ ಒಂಬತ್ತು ವರ್ಷ. ಮುಂದಿನ ಹಲ್ಲು ನಾಲ್ಕೂ ತುಟಿ ದಾಟಿ ಆಚೆ ಬಂದಿದ್ವು. ಒಂದಿನ ಅಪ್ಪನಿಗೆ ಬುತ್ತಿ ತಗಂಡು ಸ್ಟ್ಯಾಂಡಿಗೆ ಹೋದಳು. ಚಿಕ್ಕಮಾರಯ್ಯನ ಟೀ ಅಂಗಡಿ ಮುಂದೆ ಹತ್ತಾರು ಜನ ಸೇರಿದ್ರು, ಅಪ್ಪ ಏನೋ ಬುರುಡೆ ಬಿಡ್ತಿದ್ದ. ಇವಳು ದೂರದಿಂದ್ಲೇ ನಗ್ತಾ ಬಂದಳು.

‘ನೋಡ್ರಲಾ, ನಮ್ ದಾಕ್ಷಿ ಬರೋ ಚೆಂದವ,’ ಅಂದ ಸದಾಶಿವಯ್ಯ. ‘ಮೊದ್ಲು ಹಲ್ಲು ಬರ್ತವೆ, ಆಮೇಲೆ ಬುತ್ತಿ ಬರ್ತದೆ, ಕೊನೇಗೆ ಇವಳು.’

ಸ್ಟ್ಯಾಂಡೇ ಬಿದ್ದು ಬಿದ್ದು ನಕ್ತು. ಹೊರಡೋ ಬಸ್ಸಿನ ಡ್ರೈವರ್ರೂ ಎಂಜಿನ್ ಆಫ್ ಮಾಡಿ ನಕ್ಕ. ದಾಕ್ಷಾಯಣಿ ಕೈ ಬಾಯಿಗೆ ಹೋಯ್ತು. ಹೋಗಿದ್ದು ಕೆಳಗೆ ಇಳೀಲಿಲ್ಲ.

ಅಳಲಿಲ್ಲ, ಮಾತು ಬಿಡಲಿಲ್ಲ. ನಗು ಬಂದ್ರೆ ಮಾತ್ರ ಅಂಗೈ ಅಡ್ಡ ಹಿಡಿಯೋಳು. ಸದಾಶಿವಯ್ಯನಿಗೆ ಇದು ಗೊತ್ತಾಗೋಕೆ ಆರು ತಿಂಗಳು ಹಿಡೀತು. ಗೊತ್ತಾದ ಮೇಲೆ ಹಲ್ಲು ಅನ್ನೋ ಮಾತನ್ನೇ ಬಿಟ್ಟ. ಬಾಚಣಿಗೆ ಹಲ್ಲಿಗೂ ಬಾಚಣಿಗೆ ಕಡ್ಡಿ ಅಂತಿದ್ದ. ಊರೆಲ್ಲ ನಗಿಸಿ ಮನೆಗೆ ಬಂದ್ರೆ, ಮಗಳ ಅಂಗೈ ನೋಡ್ಕಂಡು ಉಣ್ಣಬೇಕು.

ಎಪ್ಪತ್ತೆಂಟರಾಗೆ ಯಾರೋ ಹೇಳಿದ್ರು, ತುಮಕೂರು ಶಿರಾ ಗೇಟ್ ಹತ್ರ ಒಬ್ರು ಡಾಕ್ಟ್ರು ತಂತಿ ಕಟ್ಟಿ ಹಲ್ಲು ಒಳಕ್ಕೆ ಎಳೀತಾರೆ ಅಂತ.

‘ಎತ್ತಿಗೆ ಮೂಗುದಾರ ಹಾಕೋದು ಕಂಡಿವ್ನಿ,’ ಅಂದಳು ಹೆಂಡ್ತಿ ಬಸವಲಿಂಗಮ್ಮ. ‘ನನ್ ಮಗಳಿಗೆ ಬಾಯ್ದಾರನಾ?’

‘ಹಾಕ್ಸಾನ ಬುಡೇ,’ ಅಂದ. ಅದಕ್ಕೊಂದು ಜೋಕು ಹೇಳಲಿಲ್ಲ. ಬಸವಲಿಂಗಮ್ಮನಿಗೆ ಅದೇ ಭಯ ಆಯ್ತು, ಒಪ್ಕಂಡಳು.

ಎರಡು ವರ್ಷ ತಿಂಗಳಿಗೊಂದ್ಸಲ ಅಪ್ಪ ಮಗಳು ತುಮಕೂರು ಬಸ್ಸು ಹತ್ತಿದ್ರು. ತಂತಿ ಬಿಗಿ ಮಾಡಿಸ್ಕಂಡು ಬಂದ ದಿನ ಬಾಯಿ ತನ್ನದಲ್ಲ ಅನ್ಸೋದು, ಅನ್ನದ ಅಗುಳೂ ಕಲ್ಲು. ಮುದ್ದೆ ಕಾಪಾಡ್ತು, ಅದನ್ನ ಅಗೀಬೇಕಾಗಿಲ್ಲ, ನುಂಗಿದ್ರೆ ಸಾಕು. ತಂತಿ ಕೊನೆ ಚುಚ್ಚಿ ಒಳಗೆನ್ನೆ ಹುಣ್ಣಾದ್ರೆ ಅಮ್ಮ ತುಪ್ಪ ಸವರೋಳು. ಸ್ಕೂಲಲ್ಲಿ ಹುಡ್ಗೀರು ‘ಬೇಲಿ ಬಂತು, ದಾರಿ ಬಿಡ್ರೇ’ ಅಂತಿದ್ರು. ಅವಳು ಕಡಿಯಂಗಿಲ್ಲ ಅಂತ ಸದಾಶಿವಯ್ಯನೂ ಕೊಬ್ಬರಿ ಬಿಟ್ಟ, ಹುರಿಗಾಳು ಬಿಟ್ಟ. ಗಟ್ಟಿ ಹಲ್ಲಿನ ಗಂಡಸು ಮಗಳ ಜೊತೆ ಕೂತು ಬರೀ ಮುದ್ದೆ ನುಂಗ್ತಿದ್ದ.

ಎಂಬತ್ತರಾಗೆ ತಂತಿ ಬಿಚ್ಚಿದ್ರು. ಡಾಕ್ಟ್ರು ಕನ್ನಡಿ ಕೊಟ್ರು. ಮಲ್ಲಿಗೆ ಮೊಗ್ಗು ಪೋಣಿಸಿದಂಗೆ ಸಾಲು. ದಾಕ್ಷಾಯಣಿ ಕನ್ನಡೀಲಿ ಒಂದ್ ಚೂರು ನಕ್ಕಳು. ಆಚೆ ಬೆಂಚಿನ ಮೇಲಿದ್ದ ಅಪ್ಪ ಎದ್ದು ನಿಂತ.

‘ಎಲ್ಲಿ, ಒಂದ್ಸಲ ನಗವ್ವ.’

ಕೈ ಬಾಯಿಗೆ ಬಂತು. ‘ಇನ್ನೊಂದಿನ ಅಪ್ಪಾ.’

ಕೈ ಅಭ್ಯಾಸಕ್ಕೆ ಹೋಯ್ತು ಅಂತ ತನಗೆ ತಾನೇ ಹೇಳ್ಕಂಡಳು. ಪೂರ್ತಿ ನಿಜ ಅಲ್ಲ. ಒಂಬತ್ತು ವರ್ಷದ ಹುಡುಗಿ ಒಬ್ಬಳು ಒಳಗೆ ಕೂತಿದ್ದಳು. ‘ಕಾಯ್ಲಿ ಬುಡು, ಇನ್ನೊಂದ್ ಚೂರು ಕಾಯ್ಲಿ’ ಅಂತಿದ್ದಳು.

ಎರಡು ವರ್ಷಕ್ಕೆ ಕುಣಿಗಲ್ಲಿಗೆ ಮದುವೆ ಮಾಡಿ ಕೊಟ್ರು. ಅಲ್ಲಿಗೂ ಬರ್ತಿದ್ದ ಸದಾಶಿವಯ್ಯ, ಒಂದು ಉಪಾಯ ಮಾಡ್ಕಂಡು. ಬಾಗಿಲಲ್ಲೇ ಮಗಳ ಎರಡೂ ಕೈಗೆ ಭಾರ ಹೊರಿಸೋನು. ಒಂದ್ಸಲ ಎತ್ತಕ್ಕಾಗದ ಹಲಸಿನಹಣ್ಣು, ಇನ್ನೊಂದ್ಸಲ ಆ ಕೈಗೊಂದು ಈ ಕೈಗೊಂದು ಕುಂಬಳಕಾಯಿ. ಕೈ ತುಂಬಿದ ಕೂಡ್ಲೇ ಹೊಸ ಬುರುಡೆ ಶುರು. ನಗು ಒತ್ಕಂಡು ಬರೋದು. ದಾಕ್ಷಾಯಣಿ ಮುಖ ತಿರುಗಿಸಿ ಭುಜದಾಗೆ ಹುದುಗಿಸೋಳು.

‘ಈ ಸಲನೂ ತಪ್ಪಿಸ್ಕಂಡೆ ಕಣವ್ವ.’

‘ಮುಂದಿನ್ಸಲ ಬಾರಪ್ಪ, ನಗ್ತೀನಿ.’

ನಿಜವಾಗ್ಲೂ ನಗಬೇಕು ಅಂತ ಅವಳು ಮನಸ್ಸು ಮಾಡಿದ್ದು ಎಂಬತ್ತಾರರ ಶ್ರಾವಣದಾಗೆ. ಬಸುರಿ ಆಗಿದ್ದಳು. ಮನಸ್ಸಿನೊಳಗೆ ಕೂತಿದ್ದ ಆ ಒಂಬತ್ತು ವರ್ಷದ ಹುಡುಗಿ ಯಾವಾಗ್ಲೋ ಎದ್ದು ಹೋಗಿದ್ದಳು. ಸೋಮವಾರ ಬರ್ತೀನಿ ಅಂತ ಅಪ್ಪ ಹೇಳಿ ಕಳ್ಸಿದ್ದ. ಶುಕ್ರವಾರ ಬಂದದ್ದು ಸುದ್ದಿ: ಬೆಳಗ್ಗೆ ಬಸ್ಸಿಗೆ ಜನ ಕೂಗ್ತಾ ಕೂಗ್ತಾ ಎದೆ ಹಿಡ್ಕಂಡು ಕುಂತೋನು ಮತ್ತೆ ಏಳಲಿಲ್ಲ.

ಗುಬ್ಬಿಗೆ ಬಂದಾಗ ಜಗಲಿ ಮೇಲೆ ಅಪ್ಪನ್ನ ಕೂರಿಸಿದ್ರು. ಅವರಲ್ಲಿ ಸತ್ತೋರನ್ನ ಮಲಗಿಸಲ್ಲ. ಹಣೆ ತುಂಬ ವಿಭೂತಿ, ಕೊರಳಿಗೆ ಹಾರ, ಬಂದೋರನ್ನ ಮಾತಾಡಿಸೋಕೆ ಕುಂತಂಗಿದ್ದ. ಕಣ್ಣು ಮಾತ್ರ ಮುಚ್ಚಿತ್ತು. ದಾಕ್ಷಾಯಣಿ ಎರಡೂ ಕೈಯಲ್ಲಿ ಅವನ ಪಾದ ಹಿಡ್ಕಂಡು ಕುಸಿದಳು.

ಪಕ್ಕದಲ್ಲಿ ಚಿಕ್ಕಮಾರಯ್ಯ ಟವಲ್ಲಲ್ಲಿ ಮೂಗು ಒರೆಸ್ಕಂತಿದ್ದ. ‘ನಿನ್ನೆ ಟೀ ಕುಡೀತಾ ಹೇಳ್ದ ಕಣವ್ವ. ಸೋಮವಾರ ಕುಣಿಗಲ್ಲಿಗೆ ಹೋಗ್ತೀನಿ, ಈ ಬುರುಡೆಗೆ ದಾಕ್ಷಿ ನಗ್ಲೇಬೇಕು ಅಂತ.’

‘ಏನಂತೆ ಅದು? ಹೇಳಣ್ಣ.’

ಚಿಕ್ಕಮಾರಯ್ಯ ಹೆಣದ ಕಡೆ ನೋಡಿದ, ಅಪ್ಪಣೆ ಕೇಳೋನಂಗೆ. ‘ಏನಿಲ್ಲವ್ವ, ನಿಮ್ ಕುಣಿಗಲ್ ಫಾರಂ ಕುದುರೆ ಒಂದು ಬಸ್ಸು ಹತ್ತಿ ಕುಂತ್ಕಂತಂತೆ. ಕಂಡಕ್ಟರು ಬಂದು, ಅಲ್ನೋಡು ಬೋರ್ಡು, ಲೇಡೀಸ್ ಸೀಟು, ಏಳು ಅಂದ್ನಂತೆ. ಅದು ಕಾಲ್ ಮೇಲೆ ಕಾಲ್ ಹಾಕ್ಕಂಡು, ನಾನೇನು ಗಂಡ್ಸಾ, ಕಣ್ ಬುಟ್ ನೋಡಯ್ಯ, ಅಂತಂತೆ.’ ಹೇಳ್ತಾ ಹೇಳ್ತಾ ಅವನಿಗೆ ದುಃಖ ಒತ್ತರಿಸ್ಕಂಡು ಬಂತು. ‘ನಂಗೆ ಅವನಂಗೆ ಹೇಳಕ್ಕೆ ಬರಲ್ಲ ಕಣವ್ವ.’

ದಾಕ್ಷಾಯಣಿಗೆ ನಗು ಬಂತು. ಅಳುವಿನ ಮಧ್ಯದಿಂದ ಎದ್ದು ಬಂತು, ತಡೆಯೋಕಾಗಲಿಲ್ಲ. ಎರಡೂ ಕೈ ಅಪ್ಪನ ಪಾದದ ಮೇಲಿದ್ವು. ತೆಗೀಲಿಲ್ಲ. ಮುಖ ಎತ್ತಿ, ಬಾಯ್ತುಂಬ, ಅಷ್ಟೂ ಹಲ್ಲು ಕಾಣಂಗೆ ನಕ್ಕಳು. ಕಣ್ಣೀರು ಹಲ್ಲಿನ ಮೇಲೆ ಇಳೀತಿತ್ತು.

ತಲೆಗೆ ಸುತ್ತಿದ್ದ ಹೂವಿನ ಹಾರ ಜಾರಿ ಸದಾಶಿವಯ್ಯನ ಮುಖಕ್ಕೆ ಅಡ್ಡ ಬಂದಿತ್ತು. ಬಸವಲಿಂಗಮ್ಮ ಕಂಬದ ಹತ್ರದಿಂದ ಎದ್ದು ಬಂದು, ಅದನ್ನ ಪಕ್ಕಕ್ಕೆ ಸರಿಸಿದಳು.