ಮಾಹಿಮಿನಲ್ಲಿ ಸಿಕ್ಕಿಕೊಂಡ ಹಿಮನಾಡಿನ ಮಣ್ಣು

ಎಂಬತ್ತರ ದಶಕದ ಕೊನೆಯ ಒಂದು ಜುಲೈ. ಮಲಾಡಿನ ಪ್ರಯೋಗಾಲಯವೊಂದರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತಿದ್ದೆ. ಮೈಸೂರಿನಿಂದ ಬಂದು ಕೆಲವು ವರ್ಷಗಳಾಗಿದ್ದವು. ಮುಂಬೈ ಮಳೆ ನನಗೆ ಗೊತ್ತು ಎಂದುಕೊಂಡಿದ್ದೆ.

ನಮ್ಮ ಹಿರಿಯ ಸಹೋದ್ಯೋಗಿ ಹಿಮಾಲಯದ ಎತ್ತರದ ಹೊಲಗಳಿಂದ ಮಣ್ಣು ತಂದಿದ್ದರು. ಅಲ್ಲಿ ಬಟಾಣಿ ಬಿತ್ತುವಾಗ ನೆಲ ಇನ್ನೂ ಕೊರೆಯುತ್ತಿರುತ್ತದೆ. ಬಯಲಿನಲ್ಲಿ ತಯಾರಾದ ಜೈವಿಕ ಗೊಬ್ಬರದ ಬ್ಯಾಕ್ಟೀರಿಯಾ ಆ ಚಳಿಗೆ ಮುದುಡಿ ಸುಮ್ಮನಿದ್ದುಬಿಡುತ್ತದೆ. ಚಳಿಯಲ್ಲೂ ಮಣ್ಣಿನ ರಂಜಕವನ್ನು ಕರಗಿಸಿ ಬೇರಿಗೆ ಉಣಿಸುವ, ಆ ನೆಲದ್ದೇ ಆದ ಜೀವಿ ನಮಗೆ ಬೇಕಿತ್ತು. ಆದರೆ ಅಂಥವು ನಮ್ಮ ಸೆಕೆಗೆ ತಾಳುವುದಿಲ್ಲ.

ಬಾಂಬೆ ಸೆಂಟ್ರಲ್‌ನಲ್ಲಿ ರೈಲಿಳಿದು, ಐಸಿನ ನಡುವೆ ಆ ಮಣ್ಣು ತುಂಬಿದ ಬಾಟಲಿಗಳಿದ್ದ ಥರ್ಮಾಕೋಲ್ ಪೆಟ್ಟಿಗೆಯನ್ನು ನನ್ನ ಕೈಗಿಟ್ಟಾಗ ಅವರಿಗೆ ಮೈಸುಡುವ ಜ್ವರ. "ಐಸ್ ಸಂಜೆವರೆಗೂ ಬರಲ್ಲ, ಬೇಗ ಹೋಗು. ಇದು ಹಾಳಾದ್ರೆ ಮತ್ತೆ ಮುಂದಿನ ಬೇಸಿಗೆಗೇ," ಎಂದರು.

ಮಾಹಿಮ್ ಇನ್ನೂ ಸ್ವಲ್ಪ ದೂರವಿರುವಾಗ ಲೋಕಲ್ ನಿಂತಿತು. ಹಳಿಗಳ ಮೇಲೆ ನೀರು ಏರುತ್ತಿತ್ತು. ಪೆಟ್ಟಿಗೆಯ ಮೂಲೆಯಿಂದ ನೀರು ತೊಟ್ಟಿಕ್ಕಿ ನನ್ನ ಸೀರೆ ತಣ್ಣಗಾಗತೊಡಗಿತು. ಮುಚ್ಚಳ ತೆಗೆದು ನೋಡೋಣವೆಂದರೆ ಇದ್ದ ತಂಪೂ ಹೋಗುವ ಭಯ. ಕೊನೆಗೆ ಉಳಿದವರೊಂದಿಗೆ ನಾನೂ ಕೆಳಗಿಳಿದೆ. ಪೆಟ್ಟಿಗೆಯನ್ನು ಎದೆಗವುಚಿಕೊಂಡು, ಕಾಲಿಗೆ ಸಿಗುವ ಜಲ್ಲಿಕಲ್ಲನ್ನು ತಡಕುತ್ತ ಸ್ಟೇಷನ್ ಸೇರಿದೆ. ಟ್ಯಾಕ್ಸಿಯವರು ಮಲಾಡ್ ಎಂದೊಡನೆ ಮುಖ ತಿರುಗಿಸುತ್ತಿದ್ದರು.

ಸ್ಟೇಷನ್ನಿನ ಹೊರಗೆ ಒಂದು ಉಡುಪಿ ಹೋಟೆಲ್. ಗಲ್ಲಾದಲ್ಲಿದ್ದ ಮಾಲೀಕರು ಅಡುಗೆಯವನನ್ನು ಕನ್ನಡದಲ್ಲಿ ಗದರುವುದು ಕೇಳಿಸಿತು. ನೇರ ಹೋಗಿ, "ನಿಮ್ಮ ಫ್ರಿಜ್‌ನಲ್ಲಿ ಇದಕ್ಕೆ ಸ್ವಲ್ಪ ಜಾಗ ಕೊಡ್ತೀರಾ?" ಎಂದೆ.

ಅವರು ತೊಟ್ಟಿಕ್ಕುವ ಪೆಟ್ಟಿಗೆ ನೋಡಿದರು. "ಎಂತ ಅಮ್ಮ ಅದು? ಮೀನಾ?"

"ಅಲ್ಲ, ಮಣ್ಣು."

"ಮಣ್ಣಿಗೆ ಫ್ರಿಜ್ ಎಂತಕ್ಕೆ ಮಾರಾಯ್ರೆ?"

ಬೆಳೆಗೆ ಒಳ್ಳೆಯದು ಮಾಡುವ, ಚಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ಅದರಲ್ಲಿದೆಯೆಂದು ಹೇಳಿದೆ.

"ರೋಗದ್ದು ಅಲ್ಲ ಅಲ್ವಾ?"

ಅಲ್ಲ ಎಂದುಬಿಟ್ಟರೆ ಕೆಲಸ ಆಗುತ್ತಿತ್ತು. ನಾಲಿಗೆ ತುದಿಗೂ ಬಂದಿತ್ತು. "ಇರಲಾರದು ಅಂದ್ಕೊಂಡಿದ್ದೀನಿ," ಎಂದೆ. "ಆದ್ರೆ ಇನ್ನೂ ಪರೀಕ್ಷೆ ಆಗಿಲ್ಲ. ಅದರಲ್ಲಿ ಏನೇನಿದೆ ಅಂತ ನನಗೂ ಪೂರ್ತಿ ಗೊತ್ತಿಲ್ಲ."

"ಹಾಗಾದ್ರೆ ಹಾಲು ಮೊಸರಿನ ಹತ್ರ ಇಡ್ಲಿಕ್ಕೆ ಆಗುದಿಲ್ಲ. ಜನ ಉಣ್ಣುವ ಜಾಗ ಅಮ್ಮ ಇದು."

ಅವರ ಮಾತು ಸರಿಯೇ ಇತ್ತು. ಹೊರಡಲು ತಿರುಗಿದಾಗ ಅವರು ಮೂಲೆಯ ಐಸ್ ಪೆಟ್ಟಿಗೆಯತ್ತ ಕೈ ತೋರಿಸಿದರು. "ಈ ಮಳೆಗೆ ಕೋಲ್ಡ್ ಡ್ರಿಂಕ್ ಯಾರು ಕುಡಿತಾರೆ? ಐಸ್ ತಕೊಂಡು ಹೋಗಿ. ನಿಮ್ಮ ಡಬ್ಬ ಮಾತ್ರ ಹೊರಗೆ ಬಿಚ್ಚಿ, ಆಯ್ತಾ?"

ಹೊರಗಿನ ಮೆಟ್ಟಿಲ ಮೇಲೆ, ಛತ್ರಿಯ ಕೆಳಗೆ, ಮುಚ್ಚಳ ತೆಗೆದೆ. ಹಳೆಯ ಐಸ್ ಬಹುತೇಕ ನೀರಾಗಿತ್ತು. ಮಣ್ಣು ತುಂಬಿದ ಬಾಟಲಿಗಳು ಅದರಲ್ಲಿ ಮುಳುಗಿದ್ದವು. ನೀರು ಚೆಲ್ಲಿ, ಹೊಸ ಐಸ್ ತುಂಬಿ, ಅವರು ಕೊಟ್ಟ ಗೋಣಿಚೀಲ ಸುತ್ತಿದೆ. ಮುಸ್ಸಂಜೆಗೆ ಹಳಿಗಳ ನೀರು ಇಳಿದು ರೈಲುಗಳು ಮತ್ತೆ ಹೊರಟವು, ನಾನೂ ಹತ್ತಿದೆ. ಪ್ರಯೋಗಾಲಯ ಮುಟ್ಟುವವರೆಗೂ ನಾನು ಆ ಪೆಟ್ಟಿಗೆ ಕೆಳಗಿಡಲಿಲ್ಲ.

ಮುಂದಿನ ದಿನಗಳು ಇನ್ನೂ ಕಷ್ಟದವು. ಆ ಮಣ್ಣನ್ನು ನೀರಿನಲ್ಲಿ ಕದಡಿ ಸವರಿ, ತಣ್ಣನೆ ಕೋಣೆಯಲ್ಲಿಟ್ಟ ಗಾಜಿನ ತಟ್ಟೆಗಳನ್ನು ಬೆಳಿಗ್ಗೆ ಸಂಜೆ ನೋಡುತ್ತಿದ್ದೆ. ಏನೂ ಇಲ್ಲ. ಜ್ವರದಿಂದ ಎದ್ದು ಬಂದ ಸಹೋದ್ಯೋಗಿಯೂ ನನ್ನ ಜೊತೆ ತಟ್ಟೆಗಳ ಮೇಲೆ ಬಾಗಿ ನೋಡುತ್ತಿದ್ದರು. ಹೆಚ್ಚಿನ ಬಾಟಲಿಗಳ ಮಣ್ಣಿನಿಂದ ನಮಗೆ ಬೇಕಾದದ್ದು ಬರಲೇ ಇಲ್ಲ. ಒಂದು ಬಾಟಲಿಯ ಮಣ್ಣಿನ ಬ್ಯಾಕ್ಟೀರಿಯಾ ಮಾತ್ರ, ಆಸೆ ಬಿಟ್ಟ ಮೇಲೆ, ಹಾಲಿನಂತೆ ಬೆಳ್ಳಗಿದ್ದ ರಂಜಕದ ತಟ್ಟೆಯಲ್ಲಿ ಚುಕ್ಕೆಯಾಗಿ ಕಾಣಿಸಿತು. ಅದರ ಸುತ್ತ ತಿಳಿಯಾದ ಉಂಗುರ. ರಂಜಕ ಕರಗಿತ್ತು. "ಇದು ಬದುಕಿದೆ ಕಣಮ್ಮ," ಎಂದು ಅವರು ಕುರ್ಚಿಯಲ್ಲಿ ಕುಸಿದು ಕೂತರು.

ತೊಂಬತ್ತರ ಆರಂಭದಲ್ಲಿ, ಅದೇ ಬ್ಯಾಕ್ಟೀರಿಯಾವನ್ನು ಇದ್ದಿಲ ಪುಡಿಯಲ್ಲಿ ಬೆರೆಸಿ, ಬಟಾಣಿ ಬೀಜಕ್ಕೆ ಸವರಿ ಬಿತ್ತಿದ ಬೆಳೆ ನೋಡಲು ನಾನೇ ಬೆಟ್ಟ ಹತ್ತಿದೆ. ನೀರು ಸಾಲದ ಹೊಲಗಳಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ನೀರಿದ್ದ ಕಡೆ ಬೇರು ದಟ್ಟವಾಗಿ ಇಳಿದಿತ್ತು. ಸಂಭ್ರಮದಲ್ಲಿ ಗಿಡದ ಮೇಲೆ ಗಿಡ ಕೀಳುತ್ತಿದ್ದಾಗ ಹೊಲದೊಡತಿ ನನ್ನ ಕೈ ಹಿಡಿದಳು. ನೋಡಿದ್ದು ಸಾಕು, ಉಳಿದದ್ದು ನಮಗೆ ತಿನ್ನಲು ಬೇಕು ಎಂದಳು.