ಗುಡ್ಡದ ಗಿಡ್ಡ ತಾಳೆ

ಚಿಕ್ಕಂದಿನಲ್ಲಿ ಗಾಸ್ಪರೆ ತನ್ನ ಮನೆ ಮುಂದಿನ ಜುಮ್ಮಾರಾ ಗಿಡವನ್ನು ಚರ್ಚಿನೆದುರಿನ ಖರ್ಜೂರದ ಮರಿ ಎಂದೇ ನಂಬಿದ್ದ. ನೆರಳಿಗೆಂದು ದಿನಾ ನೀರು ಹೊಯ್ದ, ಪಕ್ಕದಲ್ಲಿ ಕುರ್ಚಿಯನ್ನೂ ಇಟ್ಟ. ಅವನಿಗೆ ಮೀಸೆ ಮೂಡಿತು. ಗಿಡ ಸೊಂಟ ದಾಟಲಿಲ್ಲ.

"ಮೇಕೆ ದೊಡ್ಡದಾದ್ರೆ ಎತ್ತಾಗುತ್ತೇನೋ?" ಪಕ್ಕದ ಮನೆಯ ನಿನ್ಫಾ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖರ್ಜೂರದ್ದು ಉದ್ದನೆ ಗರಿ. ಇದರ ಎಲೆ ಬೀಸಣಿಗೆ, ತೊಟ್ಟಿನ ತುಂಬ ಮುಳ್ಳು, ಒಂದೇ ಬುಡದಿಂದ ಹಿಂಡಾಗಿ ಏಳುತ್ತೆ. ಇದು ಜುಮ್ಮಾರಾ, ನಮ್ಮ ಗುಡ್ಡದ್ದೇ ಗಿಡ್ಡ ತಾಳೆ ಕಣೋ. ಆ ಖರ್ಜೂರ ಯಾರೋ ಹೊರಗಿಂದ ತಂದು ನೆಟ್ಟಿದ್ದು."

ಆ ಎಲೆಯಲ್ಲೇ ಅತ್ತೆ ಬುಟ್ಟಿ, ಪೊರಕೆ, ಹಗ್ಗ ಮಾಡಿ ಬದುಕಿದವಳು. ಪೊದೆಯಿಂದ ಒಂದೇ ಸುಳಿ ಕೊಯ್ದು ಮುಂದಿನ ಪೊದೆಗೆ ಹೋಗುತ್ತಿದ್ದಳು. ಪೊದೆಯನ್ನೇ ಬೋಳಿಸಿದವರನ್ನು ಸಂತೆಯಲ್ಲೂ ಬಿಡದೆ ಬೈಯುತ್ತಿದ್ದಳು.

ಆ ಬೇಸಿಗೆ ಗುಡ್ಡಕ್ಕೆ ಬೆಂಕಿ ಬಿತ್ತು. ಉಳಿದದ್ದು ಕರಿ ಮೋಟು. ಅವನ್ನೆಲ್ಲ ಕಿತ್ತು, ಪ್ರವಾಸಿಗಳ ಕಣ್ಣಿಗೆ ಚೆಂದವಾಗಲೆಂದು ಖರ್ಜೂರ ನೆಡುವ ಗುತ್ತಿಗೆ ದಾಮಿಯಾನೊನದು. ಅವನ ಕೂಲಿಯಾಳು ನಮ್ಮ ಗಾಸ್ಪರೆ. ಗುದ್ದಲಿ ಹಿಡಿದರೆ ಕೈಗೆ ಬೊಬ್ಬೆ ಬರುವುದು ಮೊದಲು, ಗುಂಡಿ ಆಮೇಲೆ.

ಅವನು ಮೊದಲ ಏಟಿಗೆ ಗುದ್ದಲಿ ಎತ್ತುವಷ್ಟರಲ್ಲಿ ಅತ್ತೆ ಬಂದು ಅದೇ ಮೋಟಿನ ಮೇಲೆ ಕುಳಿತಳು. ಕೈಯಲ್ಲಿ ಅರ್ಧ ಹೆಣೆದ ಬುಟ್ಟಿ.

"ಏಳಿ ಅತ್ತೆ, ಅದು ಸತ್ತಿದೆ," ಎಂದ ದಾಮಿಯಾನೊ.

"ನಾಡಿ ಹಿಡಿದು ನೋಡಿದ್ಯಾ? ಒಂದು ಮಳೆ ಬರಲಿ. ನವೆಂಬರಿನ ಸಾನ್ ಮಾರ್ತಿನೊ ಹಬ್ಬಕ್ಕೂ ಚಿಗುರದಿದ್ರೆ ನಾನೇ ಕೀಳ್ತೀನಿ. ಈಗಲೇ ಕಿತ್ರೆ ಈ ಬುಟ್ಟಿಯೇ ಕೊನೇದು, ಇನ್ನು ಹೆಣೆಯೋದಿಲ್ಲ."

ನೋಡಲು ಸೇರಿದ್ದ ಊರವರೆಲ್ಲ ಕೇಳಿಸಿಕೊಂಡರು. ಅವಳ ಬುಟ್ಟಿಯಿಲ್ಲದ ಅಡಿಗೆಮನೆ ಅಲ್ಲಿ ಇರಲಿಲ್ಲ, ದಾಮಿಯಾನೊನ ಅಮ್ಮನದೂ ಸೇರಿ. ಅವನು ಗೊಣಗುತ್ತ ಆಳುಗಳನ್ನು ರಸ್ತೆಯ ಗೋಡೆ ಕಟ್ಟಲು ಕಳಿಸಿದ.

ಅತ್ತೆ ಸುಮ್ಮನೆ ಕೂರಲಿಲ್ಲ. ಬೆಂಕಿ ಮುಟ್ಟದ ಪೊದೆಗಳ ಹಣ್ಣು ತಂದು, ನಾರುವ ತಿರುಳು ತಿಕ್ಕಿ ತೆಗೆದು, ಬೀಜ ನೆನೆಸಿ, ಮೋಟುಗಳ ನಡುವೆ ಊರಿದಳು. ಚೀಲ ಹೊತ್ತವನು ಗಾಸ್ಪರೆ. ಮೂಗು ಮುಚ್ಚಿಕೊಂಡಿದ್ದಕ್ಕೆ ಬೈಸಿಕೊಂಡ.

ಅಕ್ಟೋಬರಿನಲ್ಲಿ ಮಳೆ ಬಂತು. ಹಬ್ಬಕ್ಕೆ ಮೊದಲೇ ಕರಿ ಮೋಟುಗಳ ನೆತ್ತಿಯಲ್ಲಿ ಮಡಿಚಿಟ್ಟ ಹಸಿರು ಬೀಸಣಿಗೆಗಳು ಎದ್ದವು. ದಾಮಿಯಾನೊ ಬಂದ, ಬಗ್ಗಿ ಮುಟ್ಟಿದ. ತಂದಿಳಿಸಿದ್ದ ಖರ್ಜೂರದ ಸಸಿಗಳನ್ನು ಲಾರಿಯಲ್ಲಿ ವಾಪಸು ಒಯ್ದ.

ಅತ್ತೆ ಹೊಸ ಬುಟ್ಟಿಗೆ ಕೈ ಹಾಕಿದ್ದಳು. ಗಾಸ್ಪರೆ ತಡೆಯಲಾರದೆ ಕೇಳಿದ: "ನಿಜ ಹೇಳಿ ಅತ್ತೆ, ಚಿಗುರುತ್ತೆ ಅಂತ ನಿಮಗೆ ಖಾತ್ರಿ ಇತ್ತಾ?"

"ಇರಲಿಲ್ಲ," ಎಂದಳು ಅತ್ತೆ, ತಲೆ ಎತ್ತದೆ. "ನೀನು ಕಿತ್ರೆ ಚಿಗುರಲ್ಲ ಅಂತ ಖಾತ್ರಿ ಇತ್ತು."