ತಿಂಗಳೂಟದಲ್ಲಿ ಗಿರಿಜಾ ಹಾಡಿದ್ದು

ಆ ಕಾಲದಲ್ಲಿ ಕೊವೆಂಟ್ರಿಯಲ್ಲಿ ಕನ್ನಡ ಮಾತಾಡುವ ಮನೆಗಳು ಬೆರಳೆಣಿಕೆಯಷ್ಟು. ಒಬ್ಬರ ಮನೆಗೆ ಊರಿಂದ ಮೆಣಸಿನಪುಡಿ ಬಂದರೆ ಸಂಜೆಯೊಳಗೆ ಉಳಿದವರಿಗೆಲ್ಲ ಸುದ್ದಿ ಮುಟ್ಟುತ್ತಿತ್ತು. ತಿಂಗಳಿಗೊಂದು ಭಾನುವಾರ ಸರದಿಯಂತೆ ಒಬ್ಬರ ಮನೆಯಲ್ಲಿ ಎಲ್ಲರೂ ಸೇರುತ್ತಿದ್ದೆವು. ಅದಕ್ಕೆ ತಿಂಗಳೂಟ ಎಂದು ಹೆಸರು. ಬಾಗಿಲ ಬಳಿ ಶೂಗಳ ಗುಡ್ಡೆ, ಮಹಡಿಯ ಮಂಚದ ಮೇಲೆ ಕೋಟುಗಳ ಗುಡ್ಡೆ, ಅಡುಗೆಮನೆಯಲ್ಲಿ ಮೈಸೂರಿನವರ ಬಿಸಿಬೇಳೆಬಾತು, ನಮ್ಮ ಅವ್ವನ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊಟ ಮುಗಿದು ದೊಡ್ಡವರು ಸೋಫಾಗಳಲ್ಲಿ ಕುಸಿದ ಮೇಲೆ ಮಕ್ಕಳ ಪಾಡು ಶುರುವಾಗುತ್ತಿತ್ತು. ಪ್ರತಿ ಮಗುವೂ ಎದ್ದು ನಿಂತು ಒಂದು ಹಾಡು ಹೇಳಲೇಬೇಕು. ಹಾಡು ಹೇಗಿತ್ತು ಎನ್ನುವುದನ್ನು ಯಾರೂ ಕೇಳುತ್ತಿರಲಿಲ್ಲ. ಹಾಡಿದ್ದು ಯಾರ ಮಗು ಎನ್ನುವುದೇ ಮುಖ್ಯವಾಗಿತ್ತು.

ಇವತ್ತು ನನ್ನ ತಂಗಿ ಗಿರಿಜಾಳ ಹಾಡು ಕೇಳಲು ಜನ ಮಳೆಯಲ್ಲೂ ಸಾಲುಗಟ್ಟಿ ನಿಲ್ಲುತ್ತಾರೆ. ತಾನೇ ಬರೆದು, ತಾನೇ ಗಿಟಾರ್ ಬಾರಿಸುತ್ತ ಹಾಡುವ, ಅಮೆರಿಕದ ದನಗಾಹಿಗಳ ಧಾಟಿಯ ಕಂಟ್ರಿ ಹಾಡಿನ ಗಾಯಕಿ ಅವಳು. ಹದಿನೆಂಟನೇ ವಯಸ್ಸಿಗೆ ಲೀಡ್ಸ್‌ನ ಒಂದು ಪಬ್ಬಿನಲ್ಲಿ ಮೊದಲ ಸಲ ಹಾಡಿದಳು ಎಂದು ಪತ್ರಿಕೆಯವರು ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವಳ ಮೊದಲ ಕಛೇರಿ ನಡೆದದ್ದು ಸುಮಿತ್ರಾ ಆಂಟಿಯ ಮನೆಯ ಮುಂದಿನ ಕೋಣೆಯಲ್ಲಿ. ಆಗ ಅವಳಿಗೆ ಹನ್ನೆರಡು, ನನಗೆ ಹದಿನಾಲ್ಕು. ಕೇಳಲು ಕೂತವರು ಹೋಳಿಗೆ ತಿಂದು ತೂಕಡಿಸುತ್ತಿದ್ದ ನಮ್ಮದೇ ಮಂದಿ.

ನಮ್ಮ ಅಪ್ಪ ಡಾಕ್ಟರ್. ಬಾಗಲಕೋಟೆ ಕಡೆಯವನು. ಹೊಸದಾಗಿ ಬಂದ ಯಾವ ಕನ್ನಡಿಗನೇ ಆಗಲಿ, ಬಾಡಿಗೆ ಮನೆ ಸಿಗುವ ತನಕ ನಮ್ಮಲ್ಲೇ ಉಣ್ಣುತ್ತಿದ್ದ, ಮಲಗುತ್ತಿದ್ದ. ಡಾಕ್ಟ್ರು ದೇವರಂಥವರು ಎನ್ನುತ್ತಿದ್ದರು ಎಲ್ಲರೂ. ದೇವರು ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದ, ಬಲಗೈಯಿಂದ ಅವ್ವನಿಗೆ ಹೊಡೆಯುತ್ತಿದ್ದ. ಎಲ್ಲಿ ಹೊಡೆದರೆ ಹೊರಗೆ ಕಾಣುವುದಿಲ್ಲ ಎನ್ನುವುದು ಓದಿದವನಾದ್ದರಿಂದ ಅವನಿಗೆ ಗೊತ್ತಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಆ ಓದು ಮರೆತುಹೋಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಗೋಡೆಗೆ ಬಡಿಯುತ್ತಿತ್ತು, ಎದುರುತ್ತರ ಬಂದರೆ ಅವ್ವನ ತಲೆ ಬಡಿಯುತ್ತಿತ್ತು. ಗೋಡೆಯ ಮೇಲಿನ ಅರಿಸಿನದ ಕಲೆಯನ್ನು ಅವ್ವ ಮರುದಿನ ನಿಧಾನಕ್ಕೆ ಉಜ್ಜುತ್ತಿದ್ದಳು.

ಮುಖಕ್ಕೆ ಪೆಟ್ಟು ಬಿದ್ದ ದಿನಗಳಲ್ಲಿ ಅವ್ವ ತಾನೇ ಫೋನ್ ಹಚ್ಚುತ್ತಿದ್ದಳು. ಯಾರಾದರೂ ನೋಡಿ ಕೇಳುವ ಮೊದಲೇ ಒಂದು ನೆಪ ಹೇಳಿಬಿಟ್ಟರೆ ಒಳ್ಳೆಯದು ಎಂಬುದು ಅವಳ ಲೆಕ್ಕಾಚಾರ. ಸುಮಿತ್ರಾ ಆಂಟಿಗೆ ಒಂದು ಕಾರಣ, ಮಂಗಲಾ ಕಾಕುಗೆ ಇನ್ನೊಂದು. ಫೋನಿನಲ್ಲಿ ಅವಳ ದನಿ ಎಷ್ಟು ಹಗುರವಾಗಿರುತ್ತಿತ್ತೆಂದರೆ ಕೇಳಿದವರು ನಕ್ಕುಬಿಡುತ್ತಿದ್ದರು. ಮೆಟ್ಟಿಲ ಮೇಲೆ ಕೂತು ಗಿರಿಜಾ ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಹುಬ್ಬಳ್ಳಿಯಲ್ಲಿ ಒಂದನೇ ಇಯತ್ತೆ ಮುಗಿಸಿ ಬಂದವಳು, ನನಗೆ ಕನ್ನಡ ಗಟ್ಟಿ. ನಾಲ್ಕರ ಕೂಸಾಗಿ ಬಂದ ಗಿರಿಜಾಳಿಗೆ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಪಕ್ಕದ ಮನೆಯ ಬ್ರಯನ್ ಅಂಕಲ್ ಕಾರಿನ ಫ್ಯಾಕ್ಟರಿಯಿಂದ ನಿವೃತ್ತರಾದವರು. ವಾರವಿಡೀ ಎಲ್ಲರಂಥ ಮುದುಕ. ಶನಿವಾರ ಬಂತೆಂದರೆ ಸಿನಿಮಾದ ಕೌಬಾಯ್‌ಗಳಂತೆ ಅಗಲ ಅಂಚಿನ ಹ್ಯಾಟು, ಚೂಪು ಮೂತಿಯ ಬೂಟು, ಸೊಂಟದಲ್ಲಿ ಆಟದ ಪಿಸ್ತೂಲು. ಅವರ ಸೋಷಿಯಲ್ ಕ್ಲಬ್ಬಿನಲ್ಲಿ ಅಂಥ ಹ್ಯಾಟಿನವರೆಲ್ಲ ಸೇರಿ ಕಂಟ್ರಿ ಹಾಡು ಹಾಡಿ, ಸಾಲಾಗಿ ನಿಂತು ಕುಣಿದು, ಕೊನೆಗೆ ಯಾರು ಬೇಗ ಪಿಸ್ತೂಲು ಎಳೆಯುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಕರೆದೊಯ್ದಿದ್ದರು. ಢಮಾರ್ ಎಂದಾಗ ನಾನು ಮೇಜಿನಡಿ ನುಗ್ಗಿದೆ. ಗಿರಿಜಾ ಕದಲಲಿಲ್ಲ. ಅಲ್ಲಿ ಗುಂಡು ಹಾರಿದರೂ ಯಾರಿಗೂ ಪೆಟ್ಟಾಗುವುದಿಲ್ಲ ಎನ್ನುವುದು ಅವಳಿಗೆ ತುಂಬ ಹಿಡಿಸಿತ್ತು.

ಆ ಶರತ್ಕಾಲವಿಡೀ ಅವಳು ಅವರ ಹಿತ್ತಿಲ ಶೆಡ್ಡಿನಲ್ಲೇ ಇದ್ದಳು. ಉಳಿದ ಮಕ್ಕಳು ಬೀದಿಯ ಮರದಡಿ ಬಿದ್ದ ಕಾಂಕರ್ ಕಾಯಿಗಳಿಗೆ ದಾರ ಪೋಣಿಸಿ ಒಂದಕ್ಕೊಂದು ಹೊಡೆದು ಒಡೆಯುವ ಆಟ ಆಡುತ್ತಿದ್ದರೆ, ಇವಳು ಎಂಜಿನ್ ಎಣ್ಣೆ, ತಂಬಾಕಿನ ವಾಸನೆಯ ನಡುವೆ ಗಿಟಾರ್ ತಂತಿ ಒತ್ತಿ ಬೆರಳ ತುದಿ ಕೆಂಪು ಮಾಡಿಕೊಳ್ಳುತ್ತಿದ್ದಳು. ಬ್ರಯನ್ ಅಂಕಲ್ ತಮ್ಮ ಹಳೆಯ ಗಿಟಾರನ್ನೂ ಅದರ ಮರದ ಪೆಟ್ಟಿಗೆಯನ್ನೂ ಅವಳಿಗೇ ಕೊಟ್ಟರು. ಹಾಡು ಕಟ್ಟುವುದನ್ನೂ ಅವರೇ ಹೇಳಿಕೊಟ್ಟರು.

"ದೊಡ್ಡ ದೊಡ್ಡ ಮಾತು ಬೇಡ ಪುಟ್ಟಾ," ಎನ್ನುತ್ತಿದ್ದರು ತಮ್ಮ ಇಂಗ್ಲಿಷಿನಲ್ಲಿ. "ನಿಮ್ಮ ಅಡುಗೆಮನೆಯಲ್ಲಿ ಜನ ಹೇಗೆ ಮಾತಾಡುತ್ತಾರೋ ಹಾಗೇ ಬರಿ. ಒಂದು ಚರಣಕ್ಕೆ ಒಂದೇ ಸಂಗತಿ. ಪಲ್ಲವಿ ಮಾತ್ರ ಪ್ರತಿ ಸಲವೂ ಅದೇ."

ಅಕ್ಟೋಬರಿನ ತಿಂಗಳೂಟದಲ್ಲಿ ಗಿರಿಜಾಳ ಸರದಿ ಬಂದಾಗ ಅವಳು ಇಂಗ್ಲಿಷ್ ಹಾಡು ಹಾಡಿದಳು. ಯಾರೋ ಒಬ್ಬರು, "ಡಾಕ್ಟ್ರ ಮಗಳಿಗೇ ಕನ್ನಡ ಬರಲ್ವಾ?" ಎಂದು ನಕ್ಕರು. ಅಪ್ಪನೂ ನಕ್ಕ. ಮನೆಗೆ ಬಂದು, ಸಂಜೆ ಅಡುಗೆಮನೆಗೆ ಹೋದ. ರಾತ್ರಿಯ ಊಟಕ್ಕೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಮಂದಿ ಮುಂದ ನನ್ನ ಮಾನ ಕಳದ್ರಿ. ಮಕ್ಕಳಿಗೆ ಒಂದ್ ಭಾಷಾ ಕಲಸಾಕ ಆಗಿಲ್ಲ ನಿನಗ?" ಎಂದ.

ಅವ್ವ ಹಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟಳು. ಅವನು ಅವಳ ಮಣಿಕಟ್ಟು ಹಿಡಿದು ಅಂಗೈಯನ್ನು ಕಾದ ಹಂಚಿನ ಮೇಲೆ ಒತ್ತಿದ. ಸುಟ್ಟ ಚರ್ಮದ ವಾಸನೆಯೂ ರೊಟ್ಟಿಯ ವಾಸನೆಯೂ ಕೂಡಿ ಬಂತು. ನನಗೆ ಇಂದಿಗೂ ಜೋಳದ ರೊಟ್ಟಿ ತಿನ್ನಲಾಗುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಗಿರಿಜಾಳಿಗೆ ಅಪ್ಪ ಬೆರಳು ತೋರಿಸಿದ. "ಮುಂದಿನ ತಿಂಗಳ ಕನ್ನಡದಾಗ ಹಾಡಬೇಕು. ತಿಳೀತ?"

"ಹಾಡ್ತೀನಿ," ಎಂದಳು ಗಿರಿಜಾ. ಕನ್ನಡದಲ್ಲೇ ಹೇಳಿದಳು.

ನವೆಂಬರಿನ ಊಟ ಸುಮಿತ್ರಾ ಆಂಟಿಯ ಮನೆಯಲ್ಲಿ. ಮೈಸೂರಿನವರು, ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗಿರಿಜಾ ಗಿಟಾರ್ ಪೆಟ್ಟಿಗೆ ತೆರೆದಾಗ ಅಪ್ಪ ಎದ್ದು ನಿಂತು, "ಈ ಸಲ ಕನ್ನಡ! ತಾನ ಬರದಾಳ," ಎಂದು ಸಾರಿದ. ಏನು ಬರೆದಿದ್ದಾಳೆಂದು ಅವನು ಕೇಳಿರಲಿಲ್ಲ. ಹ್ಯಾಟಿನವರ ಹಾಡು ಎಂದರೆ ಕುದುರೆ, ದನ, ಧೂಳು ಇಷ್ಟೇ ಎಂದು ಅವನ ತಿಳುವಳಿಕೆ. ನನಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಬರೀ ಲಾ ಲಾ ಎಂದು ಗುನುಗುತ್ತಿದ್ದಳು.

ಅವಳು ಕಣ್ಣು ಮುಚ್ಚಿ ಶುರುಮಾಡಿದಳು.

"ಬಚ್ಚಲದಾಗ ಜಾರಿ ಬಿದ್ದೆ ನಾ,
ಸೋಪು ಕಾಲಿಗೆ ಬಂತ್ರಿ.
ಮಾರಿ ಒಂಚೂರು ಬಾತೈತಿ ಅಷ್ಟ,
ನಮ್ಮನ್ಯಾಗ ಎಲ್ಲಾ ಛಲೋ ಐತ್ರಿ."

ಕೋಣೆ ಗೊಳ್ಳೆಂದು ನಕ್ಕಿತು. ಇಂಗ್ಲಿಷ್ ನಾಲಿಗೆಯಲ್ಲಿ ಧಾರವಾಡದ ಕನ್ನಡ, ಅದೂ ಗಿಟಾರಿನೊಂದಿಗೆ. ಅಪ್ಪನೂ ತೊಡೆ ತಟ್ಟಿ ನಕ್ಕ. ಸುಮಿತ್ರಾ ಆಂಟಿ ಮಾತ್ರ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ಕಪಾಟಿನ ಬಾಗಲಾ ಬಡೀತು ನನಗ,
ತೆರದಿಟ್ಟದ್ದ ಮರ್ತಿದ್ದೆರಿ.
ಹುಬ್ಬಿಗೆ ಎರಡ ಹೊಲಿಗಿ ಅಷ್ಟ,
ನಮ್ಮನ್ಯಾಗ ಎಲ್ಲಾ ಛಲೋ ಐತ್ರಿ."

ಈಗ ನಗು ಅರ್ಧಕ್ಕೆ ನಿಂತಿತು. ಮಂಗಲಾ ಕಾಕು ಅವ್ವನ ಹುಬ್ಬನ್ನೇ ನೋಡುತ್ತಿದ್ದರು. ಕಪಾಟಿನ ಕಥೆ ಕೇಳಿದ್ದು ಅವರು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದ ಕಾರಣಗಳು ಒಂದೇ ಕೋಣೆಯಲ್ಲಿ ಒಂದರ ಹಿಂದೊಂದು ಕೂತವು. ಗಿರಿಜಾ ಮೂರನೆಯದನ್ನು ತುಂಬ ಮೆಲ್ಲಗೆ ಹಾಡಿದಳು.

"ರೊಟ್ಟಿ ಹಂಚು ಕೈಗೆ ಹತ್ತಿತು,
ಗಡಿಬಿಡ್ಯಾಗ ಮುಟ್ಟಿದ್ದೆರಿ..."

ಅವ್ವ ಬ್ಯಾಂಡೇಜಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳು ಹಾಗೆ ಎಳೆದುಕೊಳ್ಳದಿದ್ದರೆ ಯಾರಾದರೂ ಇನ್ನೂ ನಗುತ್ತಿದ್ದರೇನೋ. ಹಾಡು ಮುಗಿಯಿತು. ಮೊದಲು ಚಪ್ಪಾಳೆ ತಟ್ಟಿದವನು ಅಪ್ಪ. ಅವನನ್ನು ನೋಡಿ ಗಂಡಸರು ತಟ್ಟಿದರು. "ಭಾಳ ಶಾಣ್ಯಾ ನನ್ನ ಮಗಳು," ಎಂದು ಹೇಳಿ ನಮ್ಮ ಕೋಟುಗಳನ್ನು ತಾನೇ ಮಹಡಿಯಿಂದ ತಂದ.

ಮನೆಯೊಳಗೆ ಕಾಲಿಟ್ಟು ಅಪ್ಪ ಬಾಗಿಲ ಚಿಲಕ ಹಾಕಿ, "ತಗಿ ಅದನ್ನ," ಎಂದ. ಗಿರಿಜಾ ಪೆಟ್ಟಿಗೆ ತೆರೆದಳು. ಅವನು ಗಿಟಾರನ್ನು ಎಳೆದುಕೊಳ್ಳಲು ಬಗ್ಗಿದ. ಅವಳು ಅದರ ಕುತ್ತಿಗೆಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಮುಚ್ಚಳವನ್ನು ಅವಳ ಕೈಯ ಮೇಲೆ ಹಾಕಿ ಅದರ ಮೇಲೆ ಕಾಲಿಟ್ಟು ತುಳಿದ. ಕಟಕ್ ಎಂದು ಸಪ್ಪಳವಾಯಿತು. ಮುರಿದದ್ದು ಮರ ಎಂದುಕೊಂಡೆ. ಗಿರಿಜಾಳ ಬಾಯಿ ತೆರೆದಿತ್ತು, ದನಿ ಹೊರಡುತ್ತಿರಲಿಲ್ಲ.

ಆಗ ನಾನು ಎಂದೂ ಕಾಣದ ಅವ್ವನನ್ನು ಕಂಡೆ. ಹಿಂದಿನಿಂದ ಬಂದು ಅವನ ಕೂದಲು ಹಿಡಿದು ಜಗ್ಗಿದಳು, ಭುಜಕ್ಕೆ ಬಾಯಿ ಹಾಕಿ ಕಚ್ಚಿದಳು. "ನನ್ನ ಕೊಲ್ಲು, ಕೂಸಿನ್ನ ಮುಟ್ಟಬ್ಯಾಡ!" ಎಂದು ಕಿರುಚಿದಳು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಏಕವಚನ ಹಚ್ಚಿದ್ದಳು. ಅವನು ಅವಳನ್ನು ರೇಡಿಯೇಟರಿನ ಮೇಲೆ ಎಸೆದ. ಹಣೆಯಿಂದ ರಕ್ತ ಸೀರೆಗೆ ಇಳಿಯಿತು. ನಾನು ಅವನದೇ ಬೂಟು ತೆಗೆದುಕೊಂಡು ಬೆನ್ನಿಗೆ, ಕಿವಿಗೆ, ಸಿಕ್ಕಲ್ಲಿ ಬಾರಿಸಿದೆ. ಹೆದರಿಕೆಯಾಗಿತ್ತೇ ಎಂದು ಜನ ಕೇಳುತ್ತಾರೆ. ಇಲ್ಲ, ಖುಷಿಯಾಗಿತ್ತು. ಅವನು ನನ್ನ ಹೊಟ್ಟೆಗೆ ಒದ್ದಾಗ ಮಾತ್ರ ಆ ಖುಷಿ ನಿಂತಿತು.

ಬೆಲ್ ಆಯಿತು. ಅಪ್ಪ ಕೂದಲು ಸರಿಮಾಡಿಕೊಂಡು ಬಾಗಿಲು ತೆರೆದ. ಸುಮಿತ್ರಾ ಆಂಟಿ ನಿಂತಿದ್ದರು, ಕೈಯಲ್ಲಿ ನಮ್ಮ ಹೋಳಿಗೆಯ ಸ್ಟೀಲ್ ಡಬ್ಬಿ. "ಡಬ್ಬಿ ಬಿಟ್ಟು ಬಂದಿದ್ರಿ," ಎಂದರು. ನಮ್ಮ ಮಂದಿಯಲ್ಲಿ ಡಬ್ಬಿ ಮರಳಿ ಬರಲು ತಿಂಗಳು ಹಿಡಿಯುತ್ತದೆ, ಬರುವಾಗ ಒಳಗೆ ಹಣ್ಣೋ ಸಕ್ಕರೆಯೋ ಇದ್ದೇ ಇರುತ್ತದೆ. ಖಾಲಿ ಡಬ್ಬಿ ಯಾರೂ ಕೊಡುವುದಿಲ್ಲ. ಈ ಡಬ್ಬಿ ಖಾಲಿಯಾಗಿತ್ತು, ಮುಚ್ಚಳವೂ ಇರಲಿಲ್ಲ. ಅವರು ಡಬ್ಬಿಗಾಗಿ ಬಂದವರಲ್ಲ ಎಂದು ನನಗೆ ತಿಳಿದುಹೋಯಿತು.

"ಬರ್ರಿ, ಬರ್ರಿ. ಹುಡಿಗಿ ಬಾಗಲದಾಗ ಕೈ ಸಿಗಸಿಕೊಂಡ್ಳು. ನಾನ ಕಟ್ತೀನಿ," ಎಂದ ಅಪ್ಪ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಡಾಕ್ಟ್ರೇ."

"ಇದು ನಮ್ಮ ಮನಿ ವಿಷಯ ಐತಿ, ಸುಮಿತ್ರಾ," ಎಂದು ಅವನು ಅವರ ತೋಳು ಹಿಡಿದ. ಆಂಟಿ ಆ ಡಬ್ಬಿಯನ್ನೇ ಬೀಸಿ ಅವನ ಮುಖಕ್ಕೆ ಅಪ್ಪಳಿಸಿದರು. ಮೂಗು ಒಡೆಯಿತು. ದೇವರಂಥ ಡಾಕ್ಟ್ರು ಶೂಗಳ ನಡುವೆ ಕುಕ್ಕರಿಸಿದ. ಆಂಟಿ ಅವನನ್ನು ದಾಟಿ ಒಳಗೆ ಬಂದರು. "ಕಾರು ಸ್ಟಾರ್ಟ್‌ನಲ್ಲೇ ಇದೆ. ಮೂರೂ ಜನ ಬನ್ನಿ. ಏನೂ ತಗೋಬೇಡಿ," ಎಂದರು.

ಅಪ್ಪನ ಆಸ್ಪತ್ರೆ ಬೇಡವೆಂದು ಬರ್ಮಿಂಗ್‌ಹ್ಯಾಮಿನ ತನಕ ಓಡಿಸಿದರು. ಅಲ್ಲಿನ ನರ್ಸ್ ಗಿರಿಜಾಳ ಕೈ ನೋಡಿ, ಅವ್ವನ ಹಣೆ ನೋಡಿ, ಹೇಗಾಯಿತು ಎಂದು ಕೇಳಿದಳು. ಅವ್ವನ ಮುಖಕ್ಕೆ ಆ ಹಗುರವಾದ ನಗು ಬಂತು. "ಬಾತ್‌ರೂಮಿನಲ್ಲಿ..." ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ನಿಲ್ಲಿಸಿದಳು. ಗಿರಿಜಾ ಅವಳನ್ನೇ ನೋಡುತ್ತಿದ್ದಳು. "ಬಾಗಿಲು..." ಎಂದಳು. ಅದೂ ಮುಂದೆ ಹೋಗಲಿಲ್ಲ. ಹೇಳಬಹುದಾದ ಸುಳ್ಳನ್ನೆಲ್ಲ ಮಗಳು ಹಾಡಿ ಮುಗಿಸಿಬಿಟ್ಟಿದ್ದಳು. ಅವ್ವ ಕಣ್ಣು ಮುಚ್ಚಿ, "ಮೈ ಹಸ್ಬೆಂಡ್," ಎಂದಳು.

ಪೊಲೀಸರು, ಕೋರ್ಟು ಎಲ್ಲ ಆಯಿತು. ನಾವು ಮತ್ತೆ ಆ ಮನೆಗೆ ಹೋಗಲಿಲ್ಲ. ಅವ್ವ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದಳು. ತಿಂಗಳೂಟಕ್ಕೆ ನಮ್ಮನ್ನು ಯಾರೂ ಕರೆಯಲಿಲ್ಲ. ಹುಡುಗಿ ಹಾಗೆ ಮಂದಿಯೆದುರು ಹಾಡಬಾರದಿತ್ತು ಎಂದು ಅರ್ಧ ಜನ ಅಂದರಂತೆ. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಗಿರಿಜಾಳ ಎರಡು ಬೆರಳುಗಳನ್ನು ಮತ್ತೆಂದೂ ಪೂರ್ತಿ ಮಡಚಲಾಗಲಿಲ್ಲ. ಉಳಿದ ಬೆರಳುಗಳಿಗೆ ಸಿಗುವ ಹಾಗೆ ಬ್ರಯನ್ ಅಂಕಲ್ ನಮ್ಮ ಹೊಸ ಮನೆಗೇ ಬಂದು ತಂತಿಗಳ ಶ್ರುತಿಯನ್ನೇ ಬದಲಿಸಿ ಕೊಟ್ಟರು. ಆ ಶ್ರುತಿಯಲ್ಲೇ ಅವಳು ಹ್ಯಾಟಿನವರ ಕ್ಲಬ್ಬುಗಳಲ್ಲಿ ಹಾಡಿದಳು, ಆಮೇಲೆ ಪಬ್ಬುಗಳಲ್ಲಿ, ಆಮೇಲೆ ದೊಡ್ಡ ಸಭಾಂಗಣಗಳಲ್ಲಿ. ಆಲ್ಬಮ್‌ಗಳು ಬಂದವು, ಪ್ರಶಸ್ತಿಗಳೂ ಬಂದವು. ಅದು ಅವಳದೇ ವಿಶಿಷ್ಟ ಶೈಲಿ ಎಂದು ಈಗ ಹುಡುಗಿಯರು ಅಭ್ಯಾಸ ಮಾಡುತ್ತಾರೆ. ಇರುವ ತನಕ ಅವ್ವ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದಳು.

ಹೋದ ವರ್ಷ ಅವ್ವನ ಪುಣ್ಯಸ್ಮರಣೆಗೆ ಗಿರಿಜಾ ಮ್ಯಾಂಚೆಸ್ಟರಿನ ನಮ್ಮ ಮನೆಗೆ ಬಂದಿದ್ದಳು. ಊಟವಾದ ಮೇಲೆ ನನ್ನ ಮಗಳು ಗಿಟಾರ್ ತಂದು ಅವಳ ತೊಡೆಯ ಮೇಲಿಟ್ಟು, "ಚಿಗವ್ವ, ಅಜ್ಜಿಗೋಸ್ಕರ ಒಂದು ಕನ್ನಡ ಹಾಡು," ಎಂದಳು. ಗಿರಿಜಾ ನನ್ನ ಕಡೆ ತಿರುಗಿದಳು.

"ಅಕ್ಕಾ, ಆ ಭಾಷಾದಾಗ ನನಗ ಬರೂದು ಬರೇ ಅವ್ವನ ಸುಳ್ಳು. ಬ್ಯಾರೆ ಏನೂ ಕಲೀಲಿಕ್ಕೆ ಆಗಲಿಲ್ಲ."

ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ಕನ್ನಡ ಕೇಳಿದೆ. ಅವ್ವ ನನಗೆ ಲಾಲಿ ಹಾಡಿದ್ದಳು, ಒಗಟು ಹೇಳಿದ್ದಳು, ಬೈದಿದ್ದಳು, ಎಲ್ಲವೂ ಕನ್ನಡದಲ್ಲಿ. ಗಿರಿಜಾಳಿಗೆ ಸಿಗಬೇಕಾಗಿದ್ದ ಆ ಪಾಲು ಹೋಯಿತು, ಅದನ್ನು ಯಾವ ಕೋರ್ಟೂ ಕೊಡಿಸಲಿಲ್ಲ. ಅವಳು ನನ್ನ ಮಗಳಿಗೆ ಇಂಗ್ಲಿಷಿನಲ್ಲಿ ಒಂದು ಹಾಡು ಹಾಡಿದಳು. ತುಂಬ ಚೆನ್ನಾಗಿ ಹಾಡಿದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.